ಬಾರ್ಲಿ ಯಾರ ನಾಯಿ

ಬಾರ್ಲಿ ದಾರಿ ಬಿಡಲಿಲ್ಲ. ಹುಲ್ಲಿನ ಮೇಲೆ ನರೆಲ್ ಬಿದ್ದಿದ್ದಳು. ಕೈಕಾಲು ಸೆಟೆದು ಅದುರುತ್ತಿದ್ದವು, ಬಾಯ ಅಂಚಿನಲ್ಲಿ ರಕ್ತ ಬೆರೆತ ನೊರೆ. ಅವಳಿಗೂ ಗೇಟಿಗೂ ನಡುವೆ ನಾಯಿ ಬೆನ್ನಿನ ಕೂದಲು ನಿಮಿರಿಸಿಕೊಂಡು ನಿಂತು, ಒಳಗೆ ಹೆಜ್ಜೆ ಇಡಹೋದವರನ್ನೆಲ್ಲ ಬೊಗಳಿ ಹಿಂದಕ್ಕಟ್ಟುತ್ತಿತ್ತು. ಆಂಬುಲೆನ್ಸಿನವರಿಬ್ಬರು ಪೆಟ್ಟಿಗೆ ಹಿಡಿದು ಬೇಲಿಯ ಹೊರಗೇ ನಿಂತಿದ್ದರು. ಪಕ್ಕದ ಮನೆಯ ಡಲ್ಸಿ ಮುದುಕಿ ಕೈಯಲ್ಲಿ ಪೊರಕೆಯಿದ್ದರೂ ಅದನ್ನು ಎತ್ತದೆ, ನಾಯಿಯನ್ನು ಮಗುವಿನಂತೆ ಪುಸಲಾಯಿಸುತ್ತಿದ್ದಳು.

ಅಂದು ಮಂಗಳವಾರ, ಬಾರ್ಲಿಯ ಪಾಠದ ದಿನ. ಗಾರ್ತ್ ಪಾಸ್ಕೋ ತನ್ನ ಪಿಕಪ್ ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ಓಡಿಬಂದ. ತಗ್ಗಿದ ದನಿಯಲ್ಲಿ ಒಂದೇ ಮಾತು ಹೇಳಿದ. ಬಾರ್ಲಿ ಬೊಗಳುವುದನ್ನು ನಿಲ್ಲಿಸಿ ಬಂದು ಅವನ ಎಡಗಾಲಿಗೆ ಒರಗಿ ನಿಂತಿತು. ಆಂಬುಲೆನ್ಸಿನವರು ಒಳಗೆ ನುಗ್ಗಿದರು.

"ಹನ್ನೊಂದು ನಿಮಿಷ ಕಣೋ ಗಾರ್ತ್," ಎಂದಳು ಡಲ್ಸಿ. "ಗಡಿಯಾರ ನೋಡ್ಕೊಂಡೇ ನಿಂತಿದ್ದೆ. ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲೋ ಮಗಾ."

ಐವತ್ತೇಳು ವರ್ಷದ ಗಾರ್ತ್ ಇಪ್ಪತ್ತೆರಡು ವರ್ಷ ಜೈಲಿನ ನಾಯಿಪಡೆಯಲ್ಲಿ ಕೆಲಸ ಮಾಡಿದವನು. ಭುಜ ಕೆಟ್ಟ ಮೇಲೆ ವಾಲರೂ ಎಂಬ ಕಡಲತಡಿಯ ಊರಿಗೆ ಬಂದು, ಊರಾಚೆಯ ಗೋಧಿ ಹೊಲಗಳ ನಡುವೆ ಒಂಟಿ ಮನೆ ಮಾಡಿಕೊಂಡು, ಬೇಕಾದವರಿಗೆ ನಾಯಿ ಪಳಗಿಸಿಕೊಡುತ್ತಿದ್ದ. ಬಾರ್ಲಿ ಅವನ ಅಂಗೈಯಲ್ಲೇ ಬೆಳೆದ ಹೆಣ್ಣು ಶೆಪರ್ಡ್ ನಾಯಿ. ಎಂಟು ವಾರದ ಮರಿಯಿದ್ದಾಗ ಅದಕ್ಕೆ ಭೇದಿ ಹತ್ತಿ, ಅವನು ಮೂರು ದಿನ ಅಡುಗೆಮನೆಯ ನೆಲದ ಮೇಲೆ ಅದರ ಪಕ್ಕವೇ ಮಲಗಿದ್ದ.

ನರೆಲ್‌ಗೆ ನಲವತ್ತನಾಲ್ಕು. ಶಾಲೆಯ ಗ್ರಂಥಾಲಯದಲ್ಲಿ ಕೆಲಸ. ಆರು ವರ್ಷದ ಹಿಂದೆ ಗಂಡ ಅವಳ ತಲೆಯನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ್ದ. ಅಲ್ಲಿಂದ ಶುರುವಾದದ್ದು ಈ ಫಿಟ್ಸ್. ಅವನು ಶಿಕ್ಷೆ ಮುಗಿಸಿ ಹೊರಗೆ ಬಂದು ಬೇರೆ ಊರಿನಲ್ಲಿದ್ದ. ಇವಳ ಹತ್ತಿರ ಸುಳಿಯಬಾರದೆಂದು ಕೋರ್ಟಿನ ಕಾಗದವಿತ್ತು. ಕಾಗದ ಗೇಟು ಕಾಯುವುದಿಲ್ಲವೆಂದು ಅವಳು ಗಾರ್ತ್‌ನನ್ನು ಹುಡುಕಿಕೊಂಡು ಬಂದಿದ್ದಳು. ಬಿದ್ದಾಗ ಜೊತೆಗಿರಬೇಕು, ಯಾರಾದರೂ ಮೇಲೆ ಬಂದರೆ ಅಡ್ಡ ನಿಲ್ಲಬೇಕು, ಎರಡೂ ಒಂದೇ ನಾಯಿ ಮಾಡಬೇಕು ಎಂದಿದ್ದಳು. ಸಹಾಯದ ನಾಯಿಗೆ ಗುರುತಿನ ನೀಲಿ ಅಂಗಿ ಕೊಡುವ ಕಚೇರಿಯವರು ಕಚ್ಚುವುದನ್ನು ಕಲಿತ ನಾಯಿಯನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಗಾರ್ತ್ ಅದಕ್ಕೆ ಕಚ್ಚಲು ಕಲಿಸದೆ, ಅಡ್ಡ ನಿಲ್ಲುವುದನ್ನೂ ಬೊಗಳುವುದನ್ನೂ ಮಾತ್ರ ಕಲಿಸಿದ್ದ. ಆದರೆ ಬೀಳಿಸಲು ಬಂದವನು ಯಾರು, ಎತ್ತಲು ಬಂದವನು ಯಾರು ಎಂದು ನಾಯಿಗೆ ಯಾರು ಹೇಳಬೇಕು? ಹೇಳಬೇಕಾದವಳೇ ಪ್ರಜ್ಞೆ ತಪ್ಪಿ ಬಿದ್ದಿರುತ್ತಾಳೆ.

ಆಸ್ಪತ್ರೆಯಿಂದ ಬಂದ ಮರುದಿನ ನರೆಲ್ ಕಚ್ಚಿಕೊಂಡ ನಾಲಿಗೆಯಿಂದ ತೊದಲುತ್ತ ಚಹಾ ಸೋಸಿ ಕೊಟ್ಟಳು. ಕಾವಲಿನ ಪಾಠವನ್ನೇ ಅಳಿಸಿಬಿಡೋಣ, ಬರೀ ಜೊತೆಗಾರ ನಾಯಿ ಸಾಕು ಎಂದ ಗಾರ್ತ್.

"ಬಿದ್ದಾಗ ನನಗೆ ಏನೂ ಗೊತ್ತಾಗಲ್ಲ," ಎಂದಳು ನರೆಲ್. "ಹೆದರಿಕೆ ಇರೋದು ನಿಂತಿರೋವಾಗ. ಹಡಗು ಕಟ್ಟೋ ಧಕ್ಕೆ ಮೇಲೆ ಕೊನೇತನಕ ಒಬ್ಬಳೇ ನಡೆದು ಆರು ವರ್ಷ ಆಯ್ತು. ಅರ್ಧಕ್ಕೆ ಹೋಗಿ ಹಿಂದೆ ತಿರುಗಿ ನೋಡ್ತೀನಿ, ವಾಪಸ್ ಬರ್ತೀನಿ. ಆ ಪಾಠ ಅಳಿಸಬೇಡಿ."

ಗಾರ್ತ್ ಅಳಿಸಲಿಲ್ಲ. ಅವಳು ನಿಂತಿದ್ದರೆ ತಡೆ, ಬಿದ್ದಿದ್ದರೆ ಬಿಡು ಎಂಬ ಹೊಸ ಪಾಠ ಶುರುಮಾಡಿದ. ದಿನಾ ಮಧ್ಯಾಹ್ನ ನರೆಲ್ ಹಿತ್ತಲ ಹುಲ್ಲಿನ ಮೇಲೆ ಬಿದ್ದವಳಂತೆ ಮಲಗಬೇಕು. ಯಾರಾದರೊಬ್ಬರು ಗೇಟು ತೆರೆದು ಬರಬೇಕು. ಬಾರ್ಲಿ ಅವಳ ತಲೆಯ ಬಳಿ ಹೋಗಿ ಮಲಗಿದರೆ ಬಂದವರ ಕೈಯಿಂದ ಬೇಯಿಸಿದ ಕುರಿಬಾಡಿನ ಚೂರು. ಮೊದಲ ವಾರ ಡಲ್ಸಿ ಬಂದಳು. ಮಂಡಿನೋವೆಂದು ಗೊಣಗುತ್ತಲೇ ದಿನಕ್ಕೆ ಹತ್ತು ಸಲ ಗೇಟು ದಾಟಿದಳು. ನನ್ನ ಸತ್ತ ಗಂಡನಿಗೂ ಇಷ್ಟು ಬಾಡು ತಿನ್ನಿಸಿರಲಿಲ್ಲ ಎಂದು ಗಾರ್ತ್‌ನನ್ನು ಚುಚ್ಚಿದಳು. ನಾಯಿ ಬೇಗ ಕಲಿಯಿತು.

ಕಲಿಯಲಾಗದವಳು ನರೆಲ್. ಎರಡನೆಯ ವಾರ ಆಂಬುಲೆನ್ಸಿನ ಟ್ರೆವ್ ಎಂಬ ದಢೂತಿ ಮನುಷ್ಯ ಬಂದ. ಹುಲ್ಲು ತುಳಿಯುತ್ತ ಬರುವ ಗಂಡಸಿನ ಬೂಟಿನ ಸದ್ದಿಗೆ ಮುಚ್ಚಿದ ಅವಳ ರೆಪ್ಪೆ ಅದುರಿತು. ಎರಡೂ ಮುಷ್ಟಿಯಲ್ಲಿ ಹುಲ್ಲು ಹಿಡಿದುಕೊಂಡಳು. ಇನ್ನೂ ಐದು ಹೆಜ್ಜೆಯಿರುವಾಗಲೇ ಎದ್ದು ಕುಳಿತು ಏದುಸಿರು ಬಿಡತೊಡಗಿದಳು. ಟ್ರೆವ್ ಪಾಪ, ತಾನೇನೋ ತಪ್ಪು ಮಾಡಿದವನಂತೆ ಟೋಪಿ ತೆಗೆದು ನಿಂತುಬಿಟ್ಟ. ಮೂರು ದಿನವೂ ಹೀಗೇ ಆಯಿತು.

ನಾಲ್ಕನೆಯ ದಿನ ಗಾರ್ತ್ ಏನೂ ಹೇಳದೆ ಅವಳಿಂದ ಎರಡು ಮಾರು ದೂರದಲ್ಲಿ ತಾನೂ ಹುಲ್ಲಿನ ಮೇಲೆ ಅಂಗಾತ ಮಲಗಿದ. "ಇಬ್ಬರೂ ಬಿದ್ದಿದ್ದೀವಿ ಅಂದ್ಕೊಳ್ಳಿ," ಎಂದ. "ಬರೋನು ಇಬ್ಬರಿಗೂ ಬರ್ತಾನೆ."

ನರೆಲ್ ನಕ್ಕಳು. ಆಮೇಲೆ ಕಣ್ಣು ಮುಚ್ಚಿದಳು. ಜೂನ್ ಎಂದರೆ ಅಲ್ಲಿ ಚಳಿಗಾಲ; ನೆಲದ ತಂಪು ಗಾರ್ತ್‌ನ ಕೆಟ್ಟ ಭುಜಕ್ಕೆ ಇಳಿಯುತ್ತಿತ್ತು. ಅವಳ ಉಸಿರಾಟ ಕೇಳಿಸುತ್ತಿತ್ತು. ಒಬ್ಬ ಹೆಂಗಸಿನ ಪಕ್ಕ ಹೀಗೆ ಆಕಾಶ ನೋಡುತ್ತ ಮಲಗಿ ಎಷ್ಟು ಕಾಲವಾಯಿತು ಎಂದು ಅವನಿಗೆ ಲೆಕ್ಕ ಸಿಗಲಿಲ್ಲ. ಟ್ರೆವ್ ಇಂದು ಸ್ವಲ್ಪ ತಡವಾಗಿ ಬರಲಿ ಎಂದು ಮನಸ್ಸು ಬೇಡಿತು. ಈ ಹದಿನಾಲ್ಕು ತಿಂಗಳಲ್ಲಿ ವಾರಕ್ಕೆ ಮೂರು ದಿನ ತಾನು ಶೇವ್ ಮಾಡಿಕೊಂಡು ಹೊರಡುತ್ತಿದ್ದದ್ದು ನಾಯಿಗಾಗಿ ಅಲ್ಲವೆಂಬುದು ಅವನಿಗೆ ಗೊತ್ತಿತ್ತು, ಡಲ್ಸಿಗೆ ಅವನಿಗಿಂತ ಮೊದಲೇ ಗೊತ್ತಿತ್ತು.

ಗೇಟು ಕಿರುಗುಟ್ಟಿತು. ಬೂಟಿನ ಸದ್ದು ಹತ್ತಿರ ಬಂದು ನಿಂತಿತು. ಈ ಸಲ ನರೆಲ್ ಏಳಲಿಲ್ಲ.

ಆದರೆ ಗಾರ್ತ್‌ನ ಕೆನ್ನೆಗೆ ಬಿಸಿ ಉಸಿರು ತಾಗಿತು. ಬಾರ್ಲಿ ಅವನ ತಲೆಯ ಬಳಿ ಮುಂಗಾಲು ಚಾಚಿ ಮಲಗಿ, ಮೂತಿಯನ್ನು ಅವನ ಕಿವಿಗೆ ಒತ್ತಿಕೊಂಡಿತ್ತು. ಎರಡು ಮಾರು ಆಚೆ ನರೆಲ್ ಒಂಟಿಯಾಗಿ ಬಿದ್ದಿದ್ದಳು. ಅವಳು ಕಣ್ಣು ತೆರೆದು ಕತ್ತು ಹೊರಳಿಸಿ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ನೋಡಿದ್ರಾ," ಎಂದಳು. "ಅದು ಇನ್ನೂ ನಿಮ್ಮ ನಾಯಿ."

ಟ್ರೆವ್ ಬಾಡಿನ ಚೂರು ಹಿಡಿದುಕೊಂಡು ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತಿದ್ದ.

ಸಂಜೆ ಮೆಟ್ಟಿಲ ಮೇಲೆ ಕುಳಿತು ಗಾರ್ತ್ ತಾನೇ ಆ ಮಾತು ತೆಗೆದ. ಕಣ್ಣೆದುರು ತಾನಿರುವವರೆಗೆ ಬಾರ್ಲಿ ಅವಳ ಮುಖ ನೋಡಿ ಕೆಲಸ ಮಾಡುವುದಿಲ್ಲ. ಹನ್ನೆರಡು ವಾರ ತಾನು ಈ ಬೀದಿಗೆ ಕಾಲಿಡಬಾರದು. ಉಣಿಸುವುದು, ಗದರುವುದು, ಮುದ್ದು ಮಾಡುವುದು, ಎಲ್ಲ ಅವಳೊಬ್ಬಳದೇ ಆಗಬೇಕು. ಆಮೇಲೆ ತಾನು ಅಪರಿಚಿತನಂತೆ ಬರಬೇಕು. ಗೇಟಿನಲ್ಲಿ ತನ್ನನ್ನು ತಡೆದರೆ ನಾಯಿ ಅವಳದಾಯಿತು ಎಂದು ಅರ್ಥ. ಇದನ್ನೆಲ್ಲ ಅವನು ತನ್ನ ಬೂಟಿನ ತುದಿ ನೋಡುತ್ತ ಹೇಳಿದ. ಹನ್ನೆರಡು ವಾರ ಬೇಕೇ ಬೇಕಾ ಎಂದು ಅವಳು ಕೇಳಿದಳು. ಬೇಕು ಎಂದ. ಆರು ವಾರವೂ ಸಾಕಾದೀತು ಎಂದು ಹೇಳಲು ಬಾಯಿಗೆ ಬಂದಿದ್ದನ್ನು ನುಂಗಿಕೊಂಡ.

ಆ ಚಳಿಗಾಲ ಉದ್ದವಾಗಿತ್ತು. ಗಾರ್ತ್ ಬೇಲಿಯ ಕಂಬ ಬದಲಾಯಿಸಿದ, ಖಾಲಿ ನಾಯಿಗೂಡುಗಳಿಗೆ ಬಣ್ಣ ಬಳಿದ. ಮಂಗಳವಾರ ಬಂದರೆ ಅಭ್ಯಾಸಬಲದಿಂದ ಶೇವ್ ಮಾಡಿಕೊಂಡು, ಗಾಡಿಯ ಕೀಲಿ ಕೈಗೆತ್ತಿಕೊಂಡು, ಮತ್ತೆ ಮೊಳೆಗೆ ತೂಗುಹಾಕುತ್ತಿದ್ದ. ಒಂದು ಭಾನುವಾರ ಮೀನಿನ ಗಾಳ ತರುವ ನೆಪದಲ್ಲಿ ಪೇಟೆಗೆ ಹೋದವನು ಕಡಲ ದಂಡೆಯಲ್ಲಿ ಗಾಳಿ ಎತ್ತ ಬೀಸುತ್ತಿದೆಯೆಂದು ನೋಡಿ, ತನ್ನ ವಾಸನೆ ಧಕ್ಕೆಯ ಕಡೆ ಹೋಗದ ಹಾಗೆ ಧಾನ್ಯ ತುಂಬಿಡುವ ಎತ್ತರದ ಗೋಪುರಗಳ ಮರೆಗೆ ಸರಿದು ನಿಂತ. ದೂರದಲ್ಲಿ ನೀಲಿ ಅಂಗಿ ತೊಟ್ಟ ನಾಯಿಯ ಜೊತೆ ನರೆಲ್ ನಡೆಯುತ್ತಿದ್ದಳು. ಧಕ್ಕೆಯ ಅರ್ಧಕ್ಕೆ ಹೋಗಿ ನಿಂತಳು. ಹಿಂದೆ ತಿರುಗಿ ನೋಡಿದಳು. ಬಾರ್ಲಿಯೂ ತಿರುಗಿ, ಅವಳ ಹಿಂಬದಿಗೆ ಬಂದು ನಿಂತಿತು. ಅವಳು ಮುಂದಕ್ಕೆ ನಡೆದಳು. ಕೊನೆಯಲ್ಲಿ ಕಟ್ಟಿದ್ದ ಹಡಗಿನ ಪಕ್ಕದಲ್ಲಿ ಅವರಿಬ್ಬರೂ ಚುಕ್ಕೆಗಳಾಗುವವರೆಗೆ ಅವನು ನೋಡಿದ. ಪಕ್ಕದಲ್ಲಿ ನಡೆಯಬಹುದಾಗಿತ್ತು ಎಂದುಕೊಂಡ. ಪಕ್ಕದಲ್ಲಿ ತಾನಿದ್ದರೆ ಅವಳು ಒಬ್ಬಳೇ ನಡೆದಂತಾಗುತ್ತಿರಲಿಲ್ಲ ಎಂದೂ ಅಂದುಕೊಂಡು, ಗಾಳ ಕೊಳ್ಳದೆಯೇ ಮನೆಗೆ ಬಂದ.

ಆಗಸ್ಟಿನಲ್ಲಿ ಡಲ್ಸಿ ಫೋನು ಮಾಡಿದಳು. ಬೇಕರಿಯ ಮುಂದೆ ನರೆಲ್ ಬಿದ್ದಳಂತೆ. ಬಾರ್ಲಿ ತಲೆಯ ಬಳಿ ಮಲಗಿತಂತೆ. ಬೇಕರಿಯವನು ಕೋಟು ಮಡಿಸಿ ಅವಳ ತಲೆಯಡಿಗೆ ಇಟ್ಟರೂ, ಟ್ರೆವ್ ಬಂದು ಪಕ್ಕಕ್ಕೆ ಹೊರಳಿಸಿದರೂ ಸುಮ್ಮನಿತ್ತಂತೆ. ಅವಳು ಎದ್ದು ನಿಂತ ಮೇಲೆ ಮಾತ್ರ ಯಾರನ್ನೂ ಹತ್ತಿರ ಸೇರಿಸಲಿಲ್ಲವಂತೆ. ಒಳ್ಳೆಯದಾಯಿತು ಎಂದ ಗಾರ್ತ್.

"ಒಳ್ಳೇದಾಯ್ತು ಅನ್ನೋ ಗಂಡಸಿನ ದನಿ ಹೀಗಿರುತ್ತಾ?" ಎಂದಳು ಡಲ್ಸಿ. "ನಾಯಿಗೆ ಎಲ್ಲಾ ಕಲಿಸಿದೆ. ಬಾಯಿ ಬಿಡೋದನ್ನ ನಿನಗೆ ಯಾರೂ ಕಲಿಸಲಿಲ್ಲವಲ್ಲೋ."

ಸೆಪ್ಟೆಂಬರಿನ ಎರಡನೆಯ ಮಂಗಳವಾರ ಅವನು ಹೋದ. ರಸ್ತೆಯ ಎರಡೂ ಬದಿಗೆ ಸಾಸಿವೆಯಂಥ ಹಳದಿ ಹೂವು ಕಣ್ಣು ಕುಕ್ಕುವ ಹಾಗೆ ಅರಳಿತ್ತು. ಗಾಡಿಯನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ ನಡೆದು ಬಂದ. ನರೆಲ್ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು. ಅವನನ್ನು ಕಂಡು ಕೈಯಲ್ಲಿದ್ದ ಒದ್ದೆ ಟವೆಲನ್ನು ಎದೆಗೆ ಹಿಡಿದುಕೊಂಡು ಹಾಗೇ ನಿಂತಳು. ಒಪ್ಪಂದದಂತೆ ಇಬ್ಬರೂ ಮಾತಾಡಲಿಲ್ಲ. ಗಾರ್ತ್ ಗೇಟಿನ ಚಿಲಕ ತೆಗೆದು ಒಂದು ಹೆಜ್ಜೆ ಒಳಗಿಟ್ಟ.

ಬಾರ್ಲಿ ತಲೆಯೆತ್ತಿತು. ಗುರುತು ಹಿಡಿಯಿತು. ಬಾಲ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆಡಿತು, ಗಂಟಲಿನಿಂದ ಮರಿಯಂಥ ಸಣ್ಣ ಕುಂಯ್ ಹೊರಟಿತು. ಇನ್ನು ಓಡಿ ಬಂದೇ ಬರುತ್ತದೆ ಎಂದು ಗಾರ್ತ್‌ನ ಮಂಡಿ ತಾನಾಗಿ ಬಾಗಿತು. ಆದರೆ ಅದು ತಿರುಗಿ ನರೆಲ್‌ಳ ಮುಖ ನೋಡಿತು. ಅವಳು ತುಟಿ ಬಿಚ್ಚಲಿಲ್ಲ. ಬಾರ್ಲಿ ನಡೆದು ಬಂದು ಅವಳ ಮೊಣಕಾಲಿಗೆ ಅಡ್ಡವಾಗಿ ನಿಂತು, ಅವನತ್ತ ಒಮ್ಮೆ ಬೊಗಳಿತು. ಅವನು ಕದಲದಿದ್ದಾಗ ಇನ್ನೊಮ್ಮೆ, ಎದೆಯಿಂದ ಬೊಗಳಿತು.

ಗಾರ್ತ್ ಹೆಜ್ಜೆ ಹಿಂದಿಟ್ಟು ಗೇಟು ಎಳೆದುಕೊಂಡ. ಮೂಗು ಒರೆಸಿಕೊಂಡ. "ಪಾಸಾಯ್ತು," ಎಂದ.

ನರೆಲ್‌ಳ ಕಣ್ಣೂ ತುಂಬಿತ್ತು. ಒಳಗೆ ಬನ್ನಿ, ಬಿಡೋಕೆ ಅದಕ್ಕೆ ಹೇಳ್ತೀನಿ ಎಂದಳು. ಅವನು ಅಡ್ಡಡ್ಡ ತಲೆಯಾಡಿಸಿದ. ಇವತ್ತು ಬೇಡ, ಕಲಿತದ್ದು ಗಟ್ಟಿಯಾಗಲಿ ಎಂದ. ಅವಳು ಒಳಗೆ ಹೋಗಿ ಚಹಾವನ್ನೂ ಕಾಗದದಲ್ಲಿ ಸುತ್ತಿದ, ಬಾಡು ತುಂಬಿದ ಬಿಸಿ ಪಾಸ್ಟಿ ಕಡುಬನ್ನೂ ಗೇಟಿನ ಬಳಿಗೇ ತಂದಳು. ಲೋಟ ಕೊಡುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ತಕ್ಷಣ ಕೈ ತೆಗೆಯಲಿಲ್ಲ.

"ಮುಂದಿನ ಮಂಗಳವಾರ ಬನ್ನಿ," ಎಂದಳು ಅವಳು. "ಪಾಠಕ್ಕಲ್ಲ. ಬಾರ್ಲಿಗೆ ನಿಮ್ಮನ್ನ ಹೊಸದಾಗಿ ಪರಿಚಯ ಮಾಡ್ಕೊಡ್ತೀನಿ."

"ಯಾರು ಅಂತ ಹೇಳ್ತೀರಿ?"

ನರೆಲ್ ಆಚೆ ರಸ್ತೆಯತ್ತ ನೋಡಿದಳು. "ಯೋಚನೆ ಮಾಡೋಕೆ ಒಂದು ವಾರ ಇದೆಯಲ್ಲ," ಎಂದಳು.

ಅವನು ಗೇಟಿನ ಮೇಲೆ ಮೊಣಕೈ ಊರಿ ನಿಂತೇ ಚಹಾ ಕುಡಿಯತೊಡಗಿದ. ಬಾರ್ಲಿ ಅವಳ ಚಪ್ಪಲಿಯ ಮೇಲೆ ಗದ್ದವಿಟ್ಟು ಮಲಗಿತು. ಅವನು ಲೋಟ ಎತ್ತಿದಾಗಲೆಲ್ಲ ಅದರ ಕಿವಿ ನಿಮಿರುತ್ತಿತ್ತು, ಇಳಿಸಿದಾಗ ಇಳಿಯುತ್ತಿತ್ತು.