ವರದಿಯ ಮೇಲಿನ ಹೆಸರು

ಹೊಳಬಸಪ್ಪನಂಥ ಪೆದ್ದ ಇಡೀ ಪುಣೆಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಹೀಗೆ ಅನ್ನುವವಳು ಅವನ ಹೆಂಡತಿ ಭಾಮಾ, ಅನ್ನುವ ಹಕ್ಕೂ ಅವಳಿಗಿದೆ. ಭೋಸರಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ಕೆಲಸಗಾರರು ಹೇಗೆ ನಿಲ್ಲುತ್ತಾರೆ, ಹೇಗೆ ಬಾಗುತ್ತಾರೆ, ಮೈಯ ಯಾವ ಭಾಗ ಸೋಲುತ್ತದೆ ಎಂದು ನೋಡಿ, ಅಳೆದು, ಮೇಜು ಕುರ್ಚಿ ಯಂತ್ರಗಳನ್ನು ಅವರ ಮೈಗೆ ಒಗ್ಗಿಸುವುದು. ಇದಕ್ಕೆ ಎರ್ಗೊನಾಮಿಕ್ಸ್ ಎಂಬ ದೊಡ್ಡ ಹೆಸರಿದೆ. ಕಾರ್ಖಾನೆಯ ಮಂದಿಗೆ ಮಾತ್ರ ಅವನು ಸ್ಟಾಪ್‌ವಾಚ್ ಸಾಹೇಬ.

2005ರಲ್ಲಿ ಕಂಪನಿ ಈ ಕೆಲಸಕ್ಕೆಂದೇ ಬೇರೆ ವಿಭಾಗ ತೆರೆಯಲು ಹೊರಟಿತು. ಅದರ ಮುಖ್ಯಸ್ಥನಾಗುವವನು ಎರ್ಗೊನಾಮಿಕ್ಸ್ ಸಂಘದ ಹಿರಿಯ ಸದಸ್ಯನಾಗಿರಲೇಬೇಕು ಎಂದು ಷರತ್ತು ಹಾಕಿತು. ಹೊಳಬಸಪ್ಪ ಬರೀ ಸಾಮಾನ್ಯ ಸದಸ್ಯ, ವಯಸ್ಸು ಐವತ್ತೆರಡು. ಈ ಸಲ ತಪ್ಪಿದರೆ ಹಿಂಜವಾಡಿಯ ಯಾವುದೋ ಕಂಪನಿಯಿಂದ ಮೂವತ್ತರ ಪ್ರಾಯದವನೊಬ್ಬ ಬಂದು ಆ ಕುರ್ಚಿಯಲ್ಲಿ ಕೂರುತ್ತಾನೆ. ತಾನು ನಿವೃತ್ತಿಯ ತನಕ ಅವನ ಹಿಂದೆ ಅಳತೆಯ ಟೇಪು ಹಿಡಿದು ಓಡಾಡಬೇಕು.

ಹಿರಿಯ ಸದಸ್ಯನಾಗಲು ಹತ್ತು ವರ್ಷದ ಅನುಭವವೊಂದೇ ಸಾಲದು. ಸ್ವಂತವಾಗಿ ಮಾಡಿದ ಮೂರು ಕೆಲಸಗಳ ವಿವರ ಬರೆದು, ಸಮಿತಿಯ ಮುಂದೆ ಕೂತು ಉತ್ತರಿಸಬೇಕು. ಹೊಳಬಸಪ್ಪ ಎಲ್ಲಕ್ಕಿಂತ ಮೊದಲು ಬರೆದದ್ದು ಕಾರ್ಖಾನೆಯ ವಾಯರು ಕಟ್ಟುವ ಸಾಲಿನಲ್ಲಿ ಮಾಡಿದ ಕೆಲಸವನ್ನು. ಅದರ ಮೇಲೆ ಅವನಿಗೆ ಅಷ್ಟು ಜೀವ.

ಅದು ತೊಂಬತ್ಮೂರರ ಮಾತು. ಆ ಸಾಲಿನಲ್ಲಿ ನಲವತ್ತು ಹೆಂಗಸರು ಎತ್ತರದ ಮೇಜುಗಳ ಮುಂದೆ ನಿಂತು ದಿನವಿಡೀ ವಾಯರುಗಳನ್ನು ಕಂತೆ ಕಟ್ಟುತ್ತಿದ್ದರು. ಸಂಜೆಯಾದರೆ ಒಬ್ಬೊಬ್ಬರದೂ ಹೆಗಲು ಹಿಡಿದುಕೊಳ್ಳುತ್ತಿತ್ತು. ರಂಗೂಬಾಯಿ ಎಂಬಾಕೆಗಂತೂ ಮನೆಗೆ ಹೋಗಿ ತಲೆ ಬಾಚಿಕೊಳ್ಳಲು ಕೈ ಮೇಲೇಳುತ್ತಿರಲಿಲ್ಲ. ಗಡಿಯಾರ ಹಿಡಿದು ಬಂದವನು ಕೆಲಸ ಹೆಚ್ಚಿಸಲಿಕ್ಕೇ ಬಂದಿದ್ದಾನೆಂದು ಅವರೆಲ್ಲ ಬಾಯಿ ಬಿಗಿದುಕೊಂಡಾಗ, ಹೊಳಬಸಪ್ಪ ಸ್ಟಾಪ್‌ವಾಚನ್ನು ಖಾನೆಯೊಳಗಿಟ್ಟು ಬರಿಗೈಯಲ್ಲಿ ಹೋದ. ಎರಡು ವಾರ ಅವರ ಪಕ್ಕದಲ್ಲೇ ನಿಂತು ತಾನೂ ವಾಯರು ಕಟ್ಟಿದ. ಮೇಜುಗಳನ್ನು ಗಂಡಸಿನ ಎತ್ತರಕ್ಕೆ ಮಾಡಿಸಿದ್ದರು, ಅಷ್ಟೇ ಸಂಗತಿ! ಪ್ರತಿಯೊಬ್ಬಳ ಮೊಣಕೈ ನೆಲದಿಂದ ಎಷ್ಟು ಎತ್ತರ ಎಂದು ಅಳೆದು, ಅವರವರ ಅಳತೆಗೆ ತಕ್ಕಂತೆ ಕಾಲಡಿಗೆ ಮರದ ಹಲಗೆ ಮಾಡಿಸಿದ. ತಿಂಗಳು ತುಂಬುವುದರೊಳಗೆ ರಂಗೂಬಾಯಿ ತುರುಬು ಕಟ್ಟಿ, ಅಬ್ಬಲಿಗೆ ಮುಡಿದು ಬಂದಳು. "ಬಗಾ ಸಾಹೇಬ", ನೋಡಿ ಎಂದು ಮರಾಠಿಯಲ್ಲಿ ಹೇಳಿ, ತಲೆ ತಿರುಗಿಸಿ ತೋರಿಸಿದಳು. ಅವತ್ತು ಹೊಳಬಸಪ್ಪ ಎರಡು ರೊಟ್ಟಿ ಹೆಚ್ಚಿಗೆ ಉಂಡ.

ವರದಿಯನ್ನು ಬರೆದದ್ದೂ ಅವನೇ, ಟೈಪು ಮಾಡಿಸಿದ್ದೂ ಅವನೇ. ಆದರೆ ಮುಖಪುಟದಲ್ಲಿ ಹಾಕಿದ್ದು ತನ್ನ ಮೇಲಧಿಕಾರಿ ಪಂಢರಿನಾಥರ ಹೆಸರನ್ನು. ತನ್ನದನ್ನು ಕೊನೆಯ ಪುಟದಲ್ಲಿ, ಸಹಾಯ ಮಾಡಿದವರ ಪಟ್ಟಿಯಲ್ಲಿ ಸೇರಿಸಿದ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಧಾರವಾಡದ ಅವನ ಮನೆಯಲ್ಲಿ ಲಗ್ನಪತ್ರಿಕೆ ಹೊರಡುತ್ತಿದ್ದದ್ದು ಹಾಸಿಗೆ ಹಿಡಿದ ದೊಡ್ಡಪ್ಪನ ಹೆಸರಿನಲ್ಲಿ. ಓಡಾಡಿ ಸೊರಗಿದ ಅಪ್ಪನ ಹೆಸರು ಕೆಳಗೆಲ್ಲೋ ಇರುತ್ತಿತ್ತು. ಹಿರಿಯರಿರುವಾಗ ತನ್ನ ಹೆಸರು ಮುಂದೆ ಮಾಡುವುದು ಸೊಕ್ಕು ಎಂದು ಕಲಿತವನು ಅವನು. ಹೋದ ವರ್ಷ ಪಂಢರಿನಾಥರು ನಿವೃತ್ತರಾಗುವ ತನಕ ಪ್ರತಿ ವರದಿಯನ್ನೂ ಹೀಗೇ ಮಾಡಿದ. ಅಯ್ಯೋ ಪುಣ್ಯಾತ್ಮ, ಕಾರ್ಖಾನೆಯ ವರದಿ ಏನು ಲಗ್ನಪತ್ರಿಕೆಯೇ?

ಸಮಿತಿಯಲ್ಲಿ ಮೂವರಿದ್ದರು. ಅವರಲ್ಲಿ ಶಿವಾನಿ ಎಂಬ ಮೇಡಂ ಬೆಂಗಳೂರಿನವರು, ಅವನ ಹೆಸರು ನೋಡಿ ಕನ್ನಡದಲ್ಲೇ ಮಾತಾಡಿಸಿದರು.

"ಈ ಹಲಗೆ ಕೇಸನ್ನ ನಾನು ಕ್ಲಾಸಲ್ಲಿ ಪಾಠ ಮಾಡ್ತೀನಿ. ಇದು ಪಂಢರಿನಾಥ್ ಸರ್ ಅವರದ್ದಲ್ವಾ?"

ಹೊಳಬಸಪ್ಪ ಕುರ್ಚಿಯ ತುದಿಗೆ ಸರಿದ. "ಅಲ್ರಿ ಮೇಡಂ. ನಾನ ಮಾಡಿದ್ದು."

"ಮತ್ತೆ ರಿಪೋರ್ಟ್ ಮೇಲೆ ನಿಮ್ಮ ಹೆಸರು ಯಾಕಿಲ್ಲ?"

"ಹಿರ್ಯಾರು ಅಂತ ಅವರ ಹೆಸರು ಹಾಕಿದ್ದೆರಿ."

"ಉಳಿದ ಎರಡೂ ಹಾಗೇನಾ?"

"ಹೌದ್ರಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇರೆಯವರ ಕೆಲಸವನ್ನು ತನ್ನದೆಂದು ಬರೆದರೆ ಇರುವ ಸದಸ್ಯತ್ವವೂ ಹೋಗುತ್ತದೆ ಎಂದು ಶಿವಾನಿ ಮೆಲ್ಲಗೆ ತಿಳಿಸಿದರು. "ಪಂಢರಿನಾಥ್ ಸರ್ ಹತ್ರ ಒಂದು ಪತ್ರ ತಗೊಂಬನ್ನಿ, ಇದು ನಿಮ್ಮ ಕೆಲಸಾನೇ ಅಂತ. ಹದಿನೈದು ದಿನ ಟೈಮ್ ಕೊಡ್ತೀವಿ."

ಪಂಢರಿನಾಥರು ವಾಕಡದಲ್ಲಿ ಹೊಸ ಫ್ಲ್ಯಾಟು ಕೊಂಡಿದ್ದರು. ಸೊಲ್ಲಾಪುರದವರಾದ್ದರಿಂದ ಕನ್ನಡ ಮನೆಮಾತಿನಷ್ಟೇ ಸಲೀಸು. ಚಹಾ ಕುಡಿಸಿದರು, ಅರ್ಜಿಯನ್ನು ಎರಡು ಸಲ ಓದಿದರು.

"ನನ್ನ ಹೆಸರು ಹಾಕು ಅಂತ ನಾ ಕೇಳಿದ್ನೇನೋ?"

"ಇಲ್ರಿ ಸರ."

"ನೀನಾಗೇ ತಂದು ಮುಂದ ಇಟ್ಟಿ, ನಾ ಸಹಿ ಮಾಡಿದೆ."

"ಹೌದ್ರಿ ಸರ. ಈಗ ಒಂದ್ನಾಕು ಸಾಲು ಬರದುಕೊಟ್ರ ಸಾಕ್ರಿ."

ಪಂಢರಿನಾಥರು ಕಪ್ಪು ಕೆಳಗಿಟ್ಟರು. "ಅದ ರಿಪೋರ್ಟಿನ ಮ್ಯಾಲೆ ನಾ ಹಿರಿಯ ಸದಸ್ಯ ಆಗೀನಿ. ಸಂಘದ ಬಹುಮಾನ ತಗೊಂಡೀನಿ. ಈಗ ಅದು ನಂದಲ್ಲ ಅಂತ ಬರದ್ರ ಕಳ್ಳ ಯಾರು ಆಗ್ತಾನ, ನೀನ ಹೇಳು. ಈ ವಯಸ್ಸಿನ್ಯಾಗ ನನ್ನ ಮುಖಕ್ಕ ಮಸಿ ಬಳೀತಿಯೇನು?"

ಬಸ್ಸಿನಲ್ಲಿ ಬರುವಾಗ ಹೊಳಬಸಪ್ಪ ಬೇಕಾದಷ್ಟು ಮಾತು ಜೋಡಿಸಿಕೊಂಡಿದ್ದ. ನನ್ನ ಬೆವರಿನ ಮೇಲೆ ದೊಡ್ಡವರಾದಿರಿ, ಒಂದು ಸಹಿಗೆ ಹಿಂದುಮುಂದು ನೋಡುತ್ತೀರಾ ಎಂದು ಕೇಳಿಯೇಬಿಡುವವನಿದ್ದ. ಆದರೂ ಬಾಯಿಂದ ಹೊರಟದ್ದು, "ಛೇ ಛೇ, ಎಂಥಾ ಮಾತು ಆಡ್ತೀರಿ ಸರ" ಎಂಬುದಷ್ಟೇ.

ಅಷ್ಟು ಸಿಕ್ಕಿದ್ದೇ ತಡ, ಪಂಢರಿನಾಥರ ದನಿ ಮೆತ್ತಗಾಯಿತು. "ಒಂದು ಕೆಲಸ ಮಾಡು. ಅರ್ಜಿ ತುಂಬೂವಾಗ ತಪ್ಪಾತು, ಸರ್‌ಗೆ ನಾ ಸಹಾಯ ಅಷ್ಟ ಮಾಡಿದ್ದೆ ಅಂತ ಸಮಿತಿಗೆ ಬರದುಬಿಡು. ಇದ್ದ ಸದಸ್ಯತ್ವರೆ ಉಳೀತದ."

ಹೊರಡುವಾಗ ಹೊಳಬಸಪ್ಪ ಬಗ್ಗಿ ಅವರ ಕಾಲು ಮುಟ್ಟಿದ. ಮುಟ್ಟಿದ ಮೇಲೆ ತನ್ನ ಕೈಯ ಮೇಲೇ ಅವನಿಗೆ ಹೇಸಿಗೆಯಾಯಿತು.

ವಿಷಯ ಕೇಳಿ ಭಾಮಾ ಕೆಂಡವಾದಳು. "ಕಾಲಿಗೆ ಬಿದ್ದು ಬಂದ್ರೇನು? ಶಾಬಾಸ್! ರಂಗೂಬಾಯಿನ್ನ ಕರಕೊಂಡು ಹೋಗ್ರಿ. ಹಲಗಿ ಯಾರು ಹಾಕಿಸಿದ್ರು ಅಂತ ಆಕಿ ಹೇಳ್ತಾಳ."

"ಆಕಿ ಮಾತು ಅಲ್ಲಿ ನಡ್ಯಾಂಗಿಲ್ಲ. ಸರ್ ಬರದುಕೊಟ್ರಷ್ಟ."

"ಹಂಗಾದ್ರ ಸುಮ್ನ ಕೂಡ್ರಿ. ಆ ಪತ್ರ ಮಾತ್ರ ಬರೀಬ್ಯಾಡ್ರಿ."

"ಸುಮ್ನ ಕುಂತ್ರ ಸಮಿತಿಯವ್ರು ಸರ್‌ನ್ನ ಕರಸಿ ಕೇಳ್ತಾರ. ಪಾಪ, ಅವರ ಹೆಸರು ಕೆಡತದ."

"ಇನ್ನೂ ಅವರ ಹೆಸರಿನ ಚಿಂತಿ ಅದ ನಿಮಗ!" ಎಂದು ಭಾಮಾ ಹಣೆ ಚಚ್ಚಿಕೊಂಡಳು.

ಅವನು ಪತ್ರ ಬರೆದ. ಮೂರು ವಾರಕ್ಕೆ ಉತ್ತರ ಬಂತು. ತಪ್ಪನ್ನು ಒಪ್ಪಿಕೊಂಡ ಅವನ ಪ್ರಾಮಾಣಿಕತೆಯನ್ನು ಸಮಿತಿ ಮೆಚ್ಚಿತ್ತು, ಸಾಮಾನ್ಯ ಸದಸ್ಯತ್ವವನ್ನು ಮುಂದುವರಿಸಿತ್ತು. ಜೊತೆಗೆ ಅವನ ಪತ್ರದ ಪ್ರತಿಯನ್ನೂ ಲಗತ್ತಿಸಿತ್ತು. ಹೊಸ ವಿಭಾಗಕ್ಕೆ ಹೊಸ ಮುಖ್ಯಸ್ಥ ಬಂದು ಅಷ್ಟೊತ್ತಿಗೆ ನಾಲ್ಕು ದಿನವಾಗಿತ್ತು.

ಭಾಮಾ ಆ ಪ್ರತಿಯನ್ನು ಕಿತ್ತುಕೊಂಡು ಓದಿದಳು. ಮೇಲೆ ಕೆಳಗೆ ತಿರುಗಿಸಿ ನೋಡಿದಳು.

"ಯಾಕ್ರಿ, ಇದರ ಮ್ಯಾಲೆ ನಿಮ್ಮ ಸರ್ ಹೆಸರು ಹಾಕಲಿಲ್ಲೇನು?"

ಹೊಳಬಸಪ್ಪ ಅವಳ ಕೈಯಿಂದ ಕಾಗದ ತೆಗೆದುಕೊಂಡು ನಾಲ್ಕಾಗಿ ಮಡಚಿದ.

"ಇಲ್ಲ," ಎಂದ. "ಇದು ನಾ ಒಬ್ಬನ ಮಾಡಿದ ಕೆಲಸ."