ಒಂದೇ ಬಸ್ಸಿನ ಮೆಟ್ಟಿಲು

ಎರಡನೇ ಸಲವೂ ಮುದುಕಿಯ ಕಾಲು ಬಸ್ಸಿನ ಮೆಟ್ಟಿಲಿಗೆ ಎಟುಕಲಿಲ್ಲ. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಗಂಡನ ಹೆಣವಿದ್ದ ವ್ಯಾನು ಮುಂದೆ ಕಾಯುತ್ತಿತ್ತು.

“ಅಮ್ಮಾ, ನೀನು ಮನೇಲೇ ಇರು. ನಾವು ಹೋಗಿ ಬರ್ತೀವಿ,” ಎಂದಳು ಮಗಳು.

“ಬರ್ತೀನಿ ಅಂದ್ಮೇಲೆ ಬರ್ತೀನಿ.”

“ಹಾಗಾದ್ರೆ ಕುರ್ಚಿ ಸಮೇತ ಎತ್ತಿ ಒಳಗಿಡೋಣ,” ಎಂದ ಅಳಿಯ.

“ನನ್ನ ಹೊರೋ ದಿನ ಬಂದೇ ಬರತ್ತೆ. ಇವತ್ತು ಅವರ ಸರದಿ.”

ಪಕ್ಕದ ಮನೆಯಾಕೆಯ ಬಾಯಿ ಸುಮ್ಮನಿರಲಿಲ್ಲ. “ಜೀವಮಾನವೆಲ್ಲ ಬಸ್ಸಿಗೇ ಸವೆಸಿದ್ರು ಇಂಜಿನಿಯರು. ಕೊನೆಗೆ ನೋಡಿ, ಹೆಂಡತಿಗೇ ಹತ್ತೋಕಾಗ್ತಿಲ್ಲ.”

ಆ ಮಾತು ಕಿವಿಗೆ ಬಿದ್ದದ್ದೇ, ಡಿಪೋದ ಹಳೆಯ ಡ್ರೈವರ್ “ಸ್ವಲ್ಪ ಇರಿ, ಬಂದೆ,” ಎಂದು ರಸ್ತೆಯಾಚೆಯ ಡಿಪೋ ಗೇಟಿನತ್ತ ಓಡಿದ.

*

ಮದುವೆಯಾದ ಹೊಸತು. ಹೀಗೇ ಬಸ್ಸಿನ ಎತ್ತರದ ಮೆಟ್ಟಿಲಿನಿಂದ ಜಾರಿ ಬಿದ್ದು ಅವಳ ಮಂಡಿ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ದಿನವೂ ಗಂಡ ನೋವಿದೆಯೇ ಎಂದು ಕೇಳಲಿಲ್ಲ. ಟೇಪು ತೆಗೆದು, ಅವಳ ಕಾಲು ನೆಲದಿಂದ ಎಷ್ಟು ಮೇಲೇಳುತ್ತದೆ ಎಂದು ಅಳೆದ.

“ನಾನೇನು ನಿಮ್ಮ ವರ್ಕ್‌ಶಾಪಿನ ಸಾಮಾನಾ?” ಎಂದು ಅವಳು ಸಿಡುಕಿದ್ದಳು.

ಮುಂದೆ ಅವನು ಕಂಡುಹಿಡಿದ ಬ್ರೇಕನ್ನು ಊರಿನ ಬಸ್ಸುಗಳಿಗೆಲ್ಲ ಹಾಕಿದರು, ಬಡ್ತಿಯೂ ಬಂತು. ಬಾಗಿಲು ತೆರೆದೊಡನೆ ತಾನೇ ಕೆಳಗಿಳಿಯುವ ಅವನ ಮೆಟ್ಟಿಲು ಮಾತ್ರ ಯಾರಿಗೂ ಬೇಡವಾಯಿತು. ನಿಂತಲ್ಲೆಲ್ಲ ತಡವಾಗುತ್ತದೆ ಎಂದರು ಮೇಲಿನವರು. ಹಾಕಿದ್ದು ಒಂದೇ ಬಸ್ಸಿಗೆ. ಒಮ್ಮೆ ಹತ್ತಿ ನೋಡು ಬಾ ಎಂದು ಅವನು ಕರೆಯುತ್ತಲೇ ಇದ್ದ. “ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ,” ಎಂದು ಅವಳು ಮುಖ ತಿರುಗಿಸುತ್ತಿದ್ದಳು. ಕೊನೆಗೆ ಅವನು ಕರೆಯುವುದನ್ನೇ ಬಿಟ್ಟ. ಅವಳು ಒಮ್ಮೆಯೂ ಆ ಬಸ್ಸು ಹತ್ತಲಿಲ್ಲ.

*

ಡಿಪೋದಲ್ಲಿ ಸಾಮಾನು ಸಾಗಿಸಲು ಇಟ್ಟುಕೊಂಡಿದ್ದ, ಬಣ್ಣ ಮಾಸಿದ ಬಸ್ಸೊಂದು ಬಂದು ನಿಂತಿತು. ಬಾಗಿಲು ತೆರೆಯಿತು. ಮೆಟ್ಟಿಲು ಕಿರುಗುಟ್ಟುತ್ತ ಇಳಿದು ಅವಳ ಕಾಲಿನ ಮುಂದೆ ನಿಂತಿತು.

“ಇಷ್ಟು ಕೆಳಗೆ ಯಾಕೆ ಸಾರ್, ಸ್ವಲ್ಪ ಎತ್ತರಿಸಿದ್ರೆ ಬೇಗ ಆಗತ್ತೆ ಅಂತ ನಾನೇ ಎಷ್ಟೋ ಸಲ ಹೇಳಿದ್ದೆ,” ಎಂದ ಡ್ರೈವರ್. “‘ಇದು ಒಬ್ಬರ ಕಾಲಿನ ಅಳತೆ, ಮುಟ್ಬೇಡ’ ಅಂದ್ಬಿಟ್ರು. ಯಾರ ಕಾಲು ಅಂತ ಹೇಳ್ಲೇ ಇಲ್ಲ.”

ಅವಳು ನೋವಿನ ಕಾಲನ್ನೇ ಮೊದಲು ಇಟ್ಟಳು. ಹತ್ತಿದಳು. ಬಾಗಿಲಲ್ಲಿ ನಿಂತು ಮುಂದಿನ ವ್ಯಾನನ್ನು ನೋಡಿದಳು. ಆಮೇಲೆ ಮತ್ತೆ ಕೆಳಗಿಳಿದಳು.

“ಏನಾಯ್ತಮ್ಮಾ?” ಎಂದಳು ಮಗಳು.

“ಒಮ್ಮೆ ಹತ್ತಿ ನೋಡು ಬಾ ಅಂತಿದ್ರು,” ಎಂದಳು ಅವಳು. ಕಣ್ಣೊರೆಸಿಕೊಂಡು, ಕಂಬಿ ಹಿಡಿಯದೆ, ಇನ್ನೊಮ್ಮೆ ಹತ್ತಿದಳು. ತಡವಾಯಿತು ಎಂದು ಯಾರೂ ಅನ್ನಲಿಲ್ಲ.