ನಿಂತು ಬಡಿದ ರೊಟ್ಟಿ

ಕಾಗದದ ಮಿಲ್ಲಿನಲ್ಲಿ ಬೆಳಗಿನ ಪಾಳಿಯ ಭೋಂಗಾ ಕೂಗುವ ಮೊದಲೇ ಯಲ್ಲವ್ವನ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತಿತ್ತು. ಅದೇ ಮಿಲ್ಲಿನಿಂದ ನಿವೃತ್ತನಾಗಿದ್ದ ಗಂಡ ಶೇಖಪ್ಪ ಚಹಾ ಕಾಸಿ ತಂದು ಅವಳ ಪಕ್ಕಕ್ಕಿಡುತ್ತಿದ್ದ. ಜೊತೆಗೆ ಒಂದು ಗುಳಿಗೆ.

“ಮೊದಲ ಇದನ್ನ ನುಂಗು. ಆಮ್ಯಾಲ ಹಿಟ್ಟಿಗೆ ಕೈ ಹಾಕು.”

ಯಲ್ಲವ್ವ ನುಂಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸೊಂಟದ ನೋವು ಮಂದವಾಗುತ್ತಿತ್ತು.

ಧಾರವಾಡದ ಕಡೆಯಿಂದ ದಾಂಡೇಲಿಗೆ ಬಂದವರು ಅವರು. ಹತ್ತಿರದ ಗಣೇಶಗುಡಿಯಲ್ಲಿ ಹೋಮ್‌ಸ್ಟೇಗಳು ಹೆಚ್ಚಾಗಿ, ಬೋಟಿನಲ್ಲಿ ನದಿ ಇಳಿಯಲು ಬಂದ ಪ್ರವಾಸಿಗರು ಜೋಳದ ರೊಟ್ಟಿ ಕೇಳತೊಡಗಿದಾಗ ಯಲ್ಲವ್ವನ ಕೈಗೆ ಕೆಲಸ ಸಿಕ್ಕಿತು. ರೊಟ್ಟಿಯ ಗಂಟು ದಿನಾ ಬಸ್ಸಿನಲ್ಲಿ ಹೋಗುತ್ತಿತ್ತು. ಅವಳು ಮಧ್ಯಾಹ್ನದವರೆಗೂ ನೆಲದ ಒಲೆಯ ಮುಂದೆ ಬಗ್ಗಿ ಕೂತಿರುತ್ತಿದ್ದಳು. ಸೊಂಟ ನೋಯತೊಡಗಿದಾಗ ಶೇಖಪ್ಪ ಔಷಧಿ ಅಂಗಡಿಯವನಿಗೆ ಹೇಳಿ ಗುಳಿಗೆ ತಂದ. ಮೊದಮೊದಲು ತಡೆಯಲಾಗದಾಗ ಒಂದು, ಆಮೇಲೆ ದಿನಾ ಒಂದು, ಕೊನೆಗೆ ಸಂಜೆಗೂ ಇನ್ನೊಂದು. ಗುಳಿಗೆ ತೀರುವ ಮುನ್ನವೇ ಶೇಖಪ್ಪ ತಂದಿಡುತ್ತಿದ್ದ. ಹೆಂಡತಿಯನ್ನು ತನ್ನಷ್ಟು ಚೆನ್ನಾಗಿ ನೋಡಿಕೊಳ್ಳುವವರು ಆ ಓಣಿಯಲ್ಲಿ ಯಾರೂ ಇಲ್ಲ ಎಂದು ಅವನು ನಿಜವಾಗಿಯೂ ನಂಬಿದ್ದ.

ದೀಪಾವಳಿಯ ರಜೆಯಲ್ಲಿ ಹೋಮ್‌ಸ್ಟೇಯ ಮಹಾಬಳೇಶ್ವರ ಫೋನು ಮಾಡಿ ದುಪ್ಪಟ್ಟು ರೊಟ್ಟಿ ಬೇಕೆಂದ. ಶೇಖಪ್ಪ ಹೂಂ ಅಂದುಬಿಟ್ಟ.

“ಇವತ್ತ ಟೊಂಕ ಬಾಳ ಹಿಡಕೊಂಡೈತ್ರೀ,” ಎಂದಳು ಯಲ್ಲವ್ವ, ಸೊಂಟ ಒತ್ತಿಕೊಳ್ಳುತ್ತ.

“ಇನ್ನೊಂದ ಗುಳಿಗಿ ತಗೋ, ಆಗ್ತೈತಿ.”

ಖಾಲಿ ಹೊಟ್ಟೆಯಲ್ಲೇ ಅದನ್ನೂ ನುಂಗಿ ಅವಳು ಕೆಲಸ ಮುಗಿಸಿದಳು. ಗಂಟು ಕಟ್ಟಿ ಎದ್ದು ನಿಂತವಳಿಗೆ ಕಣ್ಣು ಕತ್ತಲೆಗಟ್ಟಿತು. ಗೋಡೆ ಹಿಡಿಯಲು ಹೋಗಿ ಕುಸಿದುಬಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೇಲೆಯೇ ಬಾಯಿಬಿಟ್ಟಳು. ಕೆಲವು ದಿನಗಳಿಂದ ಮಲ ಕರ್ರಗೆ ಹೋಗುತ್ತಿತ್ತು. ಇಂಥದ್ದನ್ನು ಹೇಗೆ ಹೇಳುವುದೆಂದು ನಾಚಿ ಸುಮ್ಮನಿದ್ದಳು. ಗುಳಿಗೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿ ಅದರಿಂದ ರಕ್ತ ಸೋರುತ್ತಿತ್ತು. ದಾಖಲು ಮಾಡಿಕೊಂಡು ರಕ್ತ ಕೊಟ್ಟರು. ಅವಳ ಬಿಳಿಚಿದ ಮುಖ ನೋಡುತ್ತ ಶೇಖಪ್ಪ ಊಟವನ್ನೂ ಮರೆತು ಹಾಸಿಗೆಯ ಪಕ್ಕದಲ್ಲೇ ಕೂತ.

ಬಿಡುಗಡೆಯ ದಿನ ಡಾಕ್ಟರು, “ಆ ಗುಳಿಗೆಯನ್ನು ಇನ್ನು ಮುಟ್ಟಬಾರದು,” ಎಂದರು.

“ಮತ್ತ ಟೊಂಕಕ್ಕ ಏನ್ ಮಾಡೂದ್ರಿ?” ಎಂದು ಶೇಖಪ್ಪ ಕೇಳಿದ. ಡಾಕ್ಟರು ಅವರನ್ನು ಫಿಸಿಯೋಥೆರಪಿ ಕೋಣೆಗೆ ಕಳಿಸಿದರು.

ಅಲ್ಲಿದ್ದವಳು ಶಿವಗಂಗಾ, ಹಳಿಯಾಳದ ಹುಡುಗಿ. ಯಲ್ಲವ್ವನನ್ನು ನಡೆಸಿದಳು, ಬಗ್ಗಿಸಿದಳು, ಮಲಗಿಸಿ ಕಾಲು ಎತ್ತಿಸಿ ನೋಡಿದಳು. ಆಮೇಲೆ ಮನೆಯಲ್ಲಿ ಮಾಡಬೇಕಾದ ವ್ಯಾಯಾಮಗಳನ್ನು ತೋರಿಸಿಕೊಟ್ಟಳು. ಶೇಖಪ್ಪನಿಗೆ ತಡೆಯಲಾಗಲಿಲ್ಲ.

“ಅಲ್ರೀ ಬಾಯಾರ, ಮುಂಜಾನಿಂದ ಮೈಮುರದ ದುಡೀತಾಳ. ಅಕಿಗೆ ಮತ್ತ ವ್ಯಾಯಾಮ ಯಾಕ ಬೇಕ್ರಿ?”

“ದುಡಿಯೂದ ಬ್ಯಾರೆ, ಇದ ಬ್ಯಾರೆ ಕಾಕಾ. ತಾಸಗಟ್ಟಲೆ ಒಂದ ರೀತಿ ಬಗ್ಗಿ ಕುಂತ್ರ ಟೊಂಕ ಸೋತು ಹೋಗ್ತೈತಿ. ಅದಕ್ಕ ಮತ್ತ ಬಲ ಬರಸಬೇಕು. ಗುಳಿಗಿ ಕೆಟ್ಟದ್ದಂತ ನಾ ಹೇಳಂಗಿಲ್ಲ. ಬೇಕಾದಾಗ, ಡಾಕ್ಟರ್ ಹೇಳಿದಷ್ಟ ತಗೋಬೇಕು. ದಿನಾ ನುಂಗಿ ಕೆಲಸಕ್ಕ ಕುಂತ್ರ, ‘ಸಾಕು, ಏಳು’ ಅಂತ ಮೈ ಹೇಳೂದು ಕೇಳಸಂಗಿಲ್ಲ.” ಅವಳು ಯಲ್ಲವ್ವನ ಕಡೆ ತಿರುಗಿದಳು. “ಮನ್ಯಾಗ ಕೆಲಸಕ್ಕ ಯಾರ್ ಕೈ ಹಚ್ತಾರ ಕಾಕು?”

ಯಲ್ಲವ್ವ ಗಂಡನ ಮುಖ ನೋಡಿದಳು. ಶೇಖಪ್ಪ ಗೋಡೆ ನೋಡಿದ.

“ಚಾ ಇವ್ರ ಮಾಡ್ತಾರ್ರಿ,” ಎಂದಳು ಯಲ್ಲವ್ವ, ಗಂಡನ ಮಾನ ಉಳಿಸುವವಳಂತೆ.

ಶಿವಗಂಗಾ ನಗಲಿಲ್ಲ. ಅವಳು ನಕ್ಕಿದ್ದರೆ ಶೇಖಪ್ಪನಿಗೆ ಹಗುರವಾಗುತ್ತಿತ್ತೇನೋ.

ಮನೆಯಲ್ಲಿ ಚಾಪೆ ಹಾಸಿ, ಬಾಗಿಲು ಮುಂದೆ ಮಾಡಿಕೊಂಡು ಯಲ್ಲವ್ವ ವ್ಯಾಯಾಮ ಶುರುಮಾಡಿದಳು. ಹಗಲು ಹೊತ್ತಿನಲ್ಲಿ ಹೀಗೆ ಮಲಗುವುದೇ ಅವಳಿಗೆ ಸಂಕೋಚ. ಮೊದಲ ಕೆಲವು ದಿನ ಮೈಕೈ ಇನ್ನಷ್ಟು ನೊಂದವು. ಒಂದು ಮಧ್ಯಾಹ್ನ ಚಾಪೆಯನ್ನು ಸುತ್ತಿ ಮೂಲೆಗೆಸೆದಳು.

“ಇದರಿಂದ ಏನೂ ಆಗಂಗಿಲ್ರೀ. ಒಂದ ಗುಳಿಗಿ ತಂದುಕೊಡ್ರಿ. ಒಂದಕ್ಕ ಏನಾಗ್ತೈತಿ?”

ಅವಳ ಕಣ್ಣಲ್ಲಿ ನೀರಿತ್ತು. ಶೇಖಪ್ಪ ಚಪ್ಪಲಿ ಮೆಟ್ಟಿ ಹೊರಟ. ಅಂಗಡಿಯವನು ಏನೂ ಕೇಳದೆ ಅದೇ ಗುಳಿಗೆಯ ಡಬ್ಬಿಗೆ ಕೈ ಚಾಚಿದ.

“ಇದರಿಂದ ಹೊಟ್ಟ್ಯಾಗ ಹುಣ್ಣ ಆಗ್ತೈತಿ ಅಂತ ನಿಮಗ ಗೊತ್ತಿತ್ತೇನು?” ಎಂದ ಶೇಖಪ್ಪ.

ಅಂಗಡಿಯವನ ಕೈ ನಿಂತಿತು. “ಗೊತ್ತಿತ್ರಿ. ಡಾಕ್ಟರ್ ಚೀಟಿ ಇಲ್ಲದ ಕೊಟ್ಟದ್ದು ತಪ್ಪ. ಆದ್ರ ಬರೂ ಮಂದಿ ಡಾಕ್ಟರ್ ಕಡೆ ಹೋಗ್ರಿ ಅಂದ್ರ, ಅವತ್ತಿನ ಕೂಲಿ ಯಾರ್ ಕೊಡ್ತಾರ ಅಂತ ಕೇಳ್ತಾರ. ನಾ ಕೊಡದಿದ್ರ ಮುಂದಿನ ಅಂಗಡಿಗೆ ಹೊಕ್ಕಾರ.” ತುಸು ತಡೆದು ಸೇರಿಸಿದ, “ನೀವಾದ್ರೂ ಇಷ್ಟ ದಿನ ಗುಳಿಗಿ ಒಯ್ದೀರಿ. ಅವ್ರಿಗೆ ಯಾಕ ನೋಯ್ತೈತಿ ಅಂತ ಒಂದ ದಿನಾರ ಕೇಳೀರೇನು?”

ಜಗಳಕ್ಕೆಂದೇ ದನಿ ಏರಿಸಿದ್ದ ಶೇಖಪ್ಪ ಕೈಯಲ್ಲಿದ್ದ ದುಡ್ಡನ್ನು ಮತ್ತೆ ಕಿಸೆಗೆ ಹಾಕಿಕೊಂಡ. ಬರಿಗೈಯಲ್ಲಿ ಮನೆಗೆ ಬಂದ.

“ತಂದಿರೇನು?”

“ಇಲ್ಲ.”

“ನೋವು ನಿಮಗಿದ್ದಿದ್ರ ಗೊತ್ತಾಗ್ತಿತ್ತು,” ಎಂದು ಯಲ್ಲವ್ವ ಮುಖ ತಿರುಗಿಸಿದಳು.

“ಖರೇ ಐತಿ. ನನಗಿದ್ದಿಲ್ಲ, ಅದಕ್ಕ ಇಷ್ಟ ವರ್ಷ ಗೊತ್ತಾಗಲಿಲ್ಲ.”

ಅವನು ನೀರು ಕಾಸಿ, ಬಟ್ಟೆ ಅದ್ದಿ ಹಿಂಡಿ ಅವಳ ಸೊಂಟಕ್ಕೆ ಶಾಖ ಕೊಟ್ಟ. ಆಮೇಲೆ ಚಾಪೆ ಬಿಡಿಸಿ ತಾನೇ ಅದರ ಮೇಲೆ ಮಲಗಿದ. ಶಿವಗಂಗಾ ತೋರಿಸಿದಂತೆ ಮೊಣಕಾಲು ಮಡಚಿ ಸೊಂಟ ಎತ್ತಲು ಹೋದಾಗ ಅವನ ಎಲುಬುಗಳು ಲಟಲಟ ಎಂದವು. “ಅಯ್ಯ ಶಿವನ!” ಎಂದು ಕೂಗಿಕೊಂಡ. ಯಲ್ಲವ್ವನಿಗೆ ಸಿಟ್ಟಿನಲ್ಲೂ ನಗು ಬಂತು. ನಗುತ್ತಲೇ ಬಂದು ಅವನ ಪಕ್ಕ ಮಲಗಿ, ಹೇಗೆ ಮಾಡಬೇಕೆಂದು ತೋರಿಸಿಕೊಟ್ಟಳು.

ಮರುದಿನ ಶೇಖಪ್ಪ ಇಟ್ಟಿಗೆ ತಂದು ಅಡುಗೆಮನೆಯಲ್ಲಿ ಸೊಂಟದೆತ್ತರದ ಕಟ್ಟೆ ಕಟ್ಟತೊಡಗಿದ. ಒಲೆ ಮೇಲೇರಿತು. ಯಲ್ಲವ್ವ ಮೊದಲ ಸಲ ನಿಂತು ರೊಟ್ಟಿ ಬಡಿದಳು. ಕೈ ಒಗ್ಗಲು ಸ್ವಲ್ಪ ದಿನ ಹಿಡಿಯಿತು. ನಡುನಡುವೆ ಕೆಲಸ ಬಿಟ್ಟು ಅಂಗಳದಲ್ಲಿ ನಾಲ್ಕು ಹೆಜ್ಜೆ ಅಡ್ಡಾಡುತ್ತಿದ್ದಳು. ಶಿವಗಂಗಾಳ ಕೋಣೆಗೆ ಗಂಡಹೆಂಡತಿ ಇಬ್ಬರೂ ಹೋಗಿಬರುತ್ತಿದ್ದರು. ಬೇಸಿಗೆ ಬರುವ ಹೊತ್ತಿಗೆ ಅವಳು ಕೈಯೂರದೆ ಹಾಸಿಗೆಯಿಂದ ಏಳುತ್ತಿದ್ದಳು. ನೋವು ಪೂರ್ತಿ ಹೋಗಿರಲಿಲ್ಲ. ಹಿಡಿದುಕೊಂಡ ದಿನ ಕೆಲಸ ಕಡಿಮೆ ಮಾಡುತ್ತಿದ್ದಳು, ಅಷ್ಟೇ.

ಶಾಲೆಗಳಿಗೆ ರಜೆ ಬಿದ್ದ ಮೇಲೆ ಒಂದು ದಿನ ಮಹಾಬಳೇಶ್ವರನ ಫೋನು ಬಂತು. “ಶೇಖಪ್ಪಣ್ಣಾ, ನಾಳೆ ಮಂದಿ ಬಾಳ ಅದಾರ. ದುಪ್ಪಟ್ಟು ಬೇಕಾಗ್ತೈತಿ ನೋಡ್ರಿ.”

“ಯಲ್ಲವ್ವಗ ಎಷ್ಟ ಆಗ್ತೈತೋ ಅಷ್ಟ ಮಾಡ್ತಾಳ,” ಎಂದ ಶೇಖಪ್ಪ. “ಉಳದದ್ದ ನಾ ಬಡೀತೇನಿ. ದುಂಡಗ ಬರಂಗಿಲ್ಲ, ಗಿರಾಕಿಗೆ ಮೊದಲ ಹೇಳಿಬಿಡ್ರಿ. ಬ್ಯಾಡಾಗಿದ್ರ ಬ್ಯಾರೆ ಕಡೆ ನೋಡ್ರಿ.”

ಆ ಕಡೆ ಮಹಾಬಳೇಶ್ವರ ಗಟ್ಟಿಯಾಗಿ ನಕ್ಕು, ಬರಲಿ ಕಳಿಸ್ರಿ ಎಂದ.

ಮರುದಿನ ತನ್ನ ಪಾಲಿನ ರೊಟ್ಟಿ ಮುಗಿಸಿ ಯಲ್ಲವ್ವ ಚಾಪೆಯ ಮೇಲೆ ಮಲಗಿ ಕಾಲು ಚಾಚಿದಳು. ಕಟ್ಟೆಯ ಮುಂದೆ ನಿಂತ ಶೇಖಪ್ಪನ ರೊಟ್ಟಿಯ ಅಂಚೆಲ್ಲ ಸೀಳುತ್ತಿತ್ತು. ನೋಡಲಾಗದೆ ಅವಳು ಏಳಹೋದಳು.

“ಏಳಬ್ಯಾಡ,” ಎಂದ ಅವನು, ಹಿಟ್ಟಿನ ಕೈ ಅಡ್ಡ ಹಿಡಿದು. “ಹ್ಯಾಂಗ ಮಾಡೂದಂತ ಮಕ್ಕೊಂಡ ಹೇಳು.”

ಯಲ್ಲವ್ವ ಮತ್ತೆ ತಲೆ ಚಾಪೆಗಿಟ್ಟಳು. “ಹಿಟ್ಟ ಇನ್ನೂ ನಾದ್ರಿ. ಅವಸರ ಮಾಡಬ್ಯಾಡ್ರಿ,” ಎಂದಳು.